ಬೇಸಿಗೆ ರಜೆಯಲ್ಲಿ ಕೊಪ್ಪಳದಿಂದ ಎಲ್ಲಿಗೆ ಹೋಗಬಹುದು? ಮೊದಲು ನಿಮ್ಮ ಅತ್ತೆಯವರನ್ನು ಕೇಳಿ

ನೀವು ಕೇಳಿದ್ದು ಇಷ್ಟು: ವರ್ಗವಾಗಿ ಕೊಪ್ಪಳಕ್ಕೆ ಬಂದು ಮೂರು ತಿಂಗಳಾಗಿದೆ. ಮನೆಯಲ್ಲಿ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ, ಮಂಡಿನೋವಿರುವ ಅತ್ತೆ. ಹೋದ ಭಾನುವಾರ ಹಂಪಿಗೆ ಹೊರಟವರು ಹನ್ನೊಂದು ಗಂಟೆಗೆಲ್ಲ ಬಿಸಿಲಿಗೆ ಬಸವಳಿದು, ಗಂಡ ಹೆಂಡತಿ ಮಾತು ಬಿಟ್ಟು ಮನೆಗೆ ಮರಳಿದಿರಿ. ಈ ಸೀಮೆಯಲ್ಲಿ ರಜೆ ಮುಗಿಯುವವರೆಗೆ ಮಕ್ಕಳನ್ನು ಮನೆಯೊಳಗೇ ಇಟ್ಟುಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ಬೇಡ, ಹೊರಗೆ ಹೋಗಿ. ನಾನು ಗಂಗಾವತಿಯವಳು, ಮದುವೆಯಾಗಿ ಕೊಪ್ಪಳಕ್ಕೆ ಬಂದು ಹತ್ತೊಂಬತ್ತು ವರ್ಷಗಳಾದವು. ನಿಮ್ಮ ಮನೆಯಲ್ಲಿ ನಡೆದದ್ದು ನಮ್ಮ ಮನೆಯಲ್ಲೂ ನಡೆದಿದೆ, ಅದಕ್ಕಿಂತ ಕೆಟ್ಟದ್ದೂ ನಡೆದಿದೆ. ಅದನ್ನು ಹೇಳಿದರೆ ನಿಮಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ವರ್ಷವರ್ಷದ ಸಂಗತಿ. ಸರ್ಕಾರವೇ ಈ ಎರಡು ತಿಂಗಳು ನಮ್ಮ ಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಹೊಸದಾಗಿ ಬಂದವರು ಇಲ್ಲೊಂದು ಲೆಕ್ಕ ತಪ್ಪುತ್ತಾರೆ. ಬೆಳಿಗ್ಗೆ ತಡವಾದರೇನಂತೆ, ಸಂಜೆ ಐದಕ್ಕೆ ಹೋದರಾಯಿತು ಎಂದುಕೊಳ್ಳುತ್ತಾರೆ. ಇಲ್ಲಿ ನೋಡಬೇಕಾದದ್ದೆಲ್ಲ ಕಲ್ಲು. ಗುಡ್ಡವೂ ಕಲ್ಲು, ಗುಡಿಯೂ ಕಲ್ಲು, ಕೋಟೆಯೂ ಕಲ್ಲು. ಹಗಲೆಲ್ಲ ಕುಡಿದ ಬಿಸಿಲನ್ನು ಕಲ್ಲು ರಾತ್ರಿಯಿಡೀ ಮೆಲ್ಲಗೆ ಬಿಡುತ್ತದೆ. ಸೂರ್ಯ ಇಳಿದರೂ ಐದೂವರೆಗೆ ಬಂಡೆಯ ಮೇಲೆ ಬರಿಗಾಲು ಇಡುವುದು ಕಷ್ಟ. ಅದೇ ಬಂಡೆ ಬೆಳಗಿನ ಆರು ಗಂಟೆಗೆ ತಣ್ಣಗಿರುತ್ತದೆ. ಆದ್ದರಿಂದ ನಮ್ಮಲ್ಲಿ ತಿರುಗಾಟಕ್ಕೆ ಇರುವುದು ನಸುಕಿನಿಂದ ಒಂಬತ್ತರವರೆಗಿನ ಮೂರು ತಾಸು ಮಾತ್ರ. ಆ ಮೂರು ತಾಸಿನಲ್ಲಿ ಒಂದೇ ಊರು ನೋಡಿ. ಒಂದೇ ದಿನ ಹಂಪಿಯನ್ನೆಲ್ಲ ನೋಡಿ ಮುಗಿಸುತ್ತೇವೆಂದು ಹೊರಡುವ ಕಾಲವಲ್ಲ ಇದು.

ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ.

ನಾಲ್ಕು ವರ್ಷಗಳ ಹಿಂದೆ, ಮೇ ತಿಂಗಳ ಮೊದಲ ವಾರ. ಮಗಳಿಗೆ ಒಂಬತ್ತು, ಮಗನಿಗೆ ಐದು. ಅಂಜನಾದ್ರಿಗೆ ಹೋಗಬೇಕೆಂದು ಮಗಳ ಹಟ. ಆರಕ್ಕೆ ಹೊರಡಬೇಕೆಂದು ರಾತ್ರಿ ಮಾತಾಗಿತ್ತು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವುದರಲ್ಲಿ ತಡ, ಯಜಮಾನರು ಕಾರಿಗೆ ಪೆಟ್ರೋಲ್ ಹಾಕಿಸುವುದರಲ್ಲಿ ತಡ. ಮುನಿರಾಬಾದ್, ಹುಲಿಗಿ, ಸಾಣಾಪುರ ದಾಟಿ ಗುಡ್ಡದ ಬುಡಕ್ಕೆ ಹೋಗಿ ನಿಂತಾಗ ಹತ್ತು ಗಂಟೆ. ಹತ್ತಬೇಕಾದದ್ದು 575 ಮೆಟ್ಟಿಲು. ಅತ್ತೆಯವರ ಮಂಡಿ ಅದಕ್ಕೆ ಒಗ್ಗುವುದಿಲ್ಲ. "ನೀವು ಇಲ್ಲೇ ನೆರಳಲ್ಲಿ ಕುಳಿತಿರಿ, ಒಂದು ತಾಸಿನಲ್ಲಿ ಬಂದುಬಿಡುತ್ತೇವೆ" ಎಂದೆ. ಅವರು ಸರಿ ಎಂದರು.

ಮುನ್ನೂರು ಮೆಟ್ಟಿಲಾಗಿರಬೇಕು, ಮಗಳ ಮೂಗಿನಿಂದ ರಕ್ತ ಬರತೊಡಗಿತು. ಒಣಗಾಳಿಗೆ, ಕಾವಿಗೆ ಹೀಗಾಗುವುದುಂಟು. ಅಷ್ಟು ರಕ್ತ ಕಂಡಾಗ ನನ್ನ ಕೈಕಾಲು ನಡುಗಿದವು. ಸುತ್ತ ನಿಂತವರು ತಲೆ ಹಿಂದಕ್ಕೆ ಬಾಗಿಸಿ ಎಂದರು, ಬಾಗಿಸಿದೆ. ರಕ್ತ ಗಂಟಲಿಗಿಳಿದು ಮಗು ವಾಂತಿ ಮಾಡಿಕೊಂಡಳು. ಮಕ್ಕಳಿರುವ ನೀವು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ತಲೆಯನ್ನು ಹಿಂದಕ್ಕೆ ಬಾಗಿಸಬಾರದು. ಕೂರಿಸಿ ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಮೂಗಿನ ತುದಿಯ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು, ಹತ್ತು ನಿಮಿಷ ಬಿಡದೆ ಹಿಡಿದಿರಬೇಕು, ಬಾಯಲ್ಲಿ ಉಸಿರಾಡಲು ಹೇಳಬೇಕು. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡಬಾರದು. ಇಪ್ಪತ್ತು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ನಮ್ಮ ವೈದ್ಯರು ಇದನ್ನು ಹೇಳಿಕೊಟ್ಟದ್ದು ಮಾರನೆಯ ದಿನ.

ಮಗಳನ್ನು ಯಜಮಾನರು ಎತ್ತಿಕೊಂಡರು, ಮಗನನ್ನು ನಾನು ಎತ್ತಿಕೊಂಡೆ. ಇಳಿಯುವ ದಾರಿಯುದ್ದಕ್ಕೂ ತಡವಾದದ್ದು ಯಾರಿಂದ ಎಂಬ ಜಗಳ. ಕೆಳಗೆ ಬಂದಾಗ ಹನ್ನೆರಡಾಗಿತ್ತು. ಅತ್ತೆಯವರು ಬಿಟ್ಟಲ್ಲಿಯೇ ಕುಳಿತಿದ್ದರು, ನೆರಳು ಮಾತ್ರ ಆಚೆ ಸರಿದಿತ್ತು. ಆಗ ನನ್ನ ಕೈಯಲ್ಲಿದ್ದ ಚೀಲ ನೋಡಿಕೊಂಡೆ. ಬುತ್ತಿ, ನೀರಿನ ಬಾಟಲಿಗಳು, ಎಲ್ಲವೂ ಅದರಲ್ಲಿದ್ದವು. ಎಲ್ಲವನ್ನೂ ನಾನು ಮೇಲಕ್ಕೆ ಹೊತ್ತುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಇರುವ ಹಿರಿಯರು ಎರಡು ತಾಸು ಆ ಬಿಸಿಲಲ್ಲಿ ಏನೂ ಇಲ್ಲದೆ ಕುಳಿತಿದ್ದರು. ಕಾಯಿ ಮಾರುವ ಹೆಂಗಸೊಬ್ಬರು ತಮ್ಮ ಪಾಲಿನ ಮಜ್ಜಿಗೆಯಲ್ಲಿ ಅರ್ಧ ಕೊಟ್ಟಿದ್ದರಂತೆ. ಆ ತಾಯಿಗೆ ನಾನು ಇಂದಿಗೂ ಋಣಿ.

ಅತ್ತೆಯವರು ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು, ಕಾಲು ತೊಳೆದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು: "ನನ್ನನ್ನು ಕರೆದುಕೊಂಡು ಹೋದದ್ದು ಮನೆಗೆ ಬೀಗ ಹಾಕುವುದಕ್ಕಾಗಿಯೇ, ತಂಗೀ?"

ಸಿಟ್ಟಿನಲ್ಲಿ ಕೇಳಿದ್ದರೆ ಉತ್ತರ ಕೊಡುತ್ತಿದ್ದೆನೇನೋ. ಅವರಿಗೆ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಹದಿನೈದು ವರ್ಷಗಳಲ್ಲಿ ಹುಲಿಗಿ ಎಂದೆವು, ಆನೆಗೊಂದಿ ಎಂದೆವು, ಹೊರಟಾಗಲೆಲ್ಲ ಅವರನ್ನು ಜೊತೆಗೆ ಕೂರಿಸಿಕೊಂಡೆವು. ಎಲ್ಲಿಗೆ ಹೋಗೋಣ ಎಂದು ಒಮ್ಮೆಯೂ ಅವರನ್ನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಇಟಗಿ" ಎಂದರು. ಅವರ ತವರು ಕುಕನೂರಿನ ಕಡೆಯ ಹಳ್ಳಿ. ಹತ್ತು ಹನ್ನೊಂದು ವರ್ಷದವರಿದ್ದಾಗ ತಂದೆಯ ಜೊತೆ ಚಕ್ಕಡಿಯಲ್ಲಿ ಹೋಗಿದ್ದರಂತೆ. ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೇಲೆ ಆ ಕಡೆ ಕಾಲಿಟ್ಟಿಲ್ಲ. ಒಂದು ತಾಸಿನೊಳಗಿನ ದಾರಿ, ಐವತ್ತು ವರ್ಷಗಳ ಮೇಲಾಗಿತ್ತು.

ಈ ಸಲ ಅಡುಗೆಯನ್ನೆಲ್ಲ ಹಿಂದಿನ ರಾತ್ರಿಯೇ ಮುಗಿಸಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಈರುಳ್ಳಿ. ಬೇಸಿಗೆಯ ಬುತ್ತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ತೆಂಗಿನಕಾಯಿ ಹಾಕಿದ ಚಿತ್ರಾನ್ನ, ಹಸಿ ಚಟ್ನಿ ಬೇಗ ಹಳಸುತ್ತವೆ, ಮೊಸರನ್ನ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ನೀರಿನ ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತಿದೆವು. ಬಟ್ಟೆಯ ನೀರು ಆರುತ್ತ ಒಳಗಿನ ನೀರನ್ನು ತಂಪಾಗಿಡುತ್ತದೆ, ನಮ್ಮ ಒಣಗಾಳಿಯಲ್ಲಿ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಯವರಿಗೆ ಬೇರೆ ಚೀಲ: ಅವರ ಮಾತ್ರೆ, ನೀರು, ಉಪ್ಪು ಹಾಕಿದ ಮಜ್ಜಿಗೆ, ಎರಡು ರೊಟ್ಟಿ. ಆ ಚೀಲ ಅವರ ಕೈಯಲ್ಲೇ ಇರಬೇಕು ಎಂದು ಅಂದು ಮಾಡಿದ ನಿಯಮವನ್ನು ಇಂದಿಗೂ ಮುರಿದಿಲ್ಲ.

ಐದು ಗಂಟೆಗೆ ಕತ್ತಲಲ್ಲೇ ಹೊರಟೆವು. ಆ ದಿನವೂ ಎಲ್ಲ ಸರಾಗವಾಗಿ ನಡೆಯಲಿಲ್ಲ. ಫ್ಲಾಸ್ಕಿನ ಮುಚ್ಚಳ ಸಡಿಲಾಗಿ ಚಹಾ ಎಲ್ಲ ಟವೆಲ್ಲಿಗೆ ಸುರಿಯಿತು. ಕಾರಿನಿಂದ ಇಳಿಯುವಾಗ ಅತ್ತೆಯವರ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ನನ್ನದನ್ನು ಹಾಕಿಕೊಳ್ಳಿ ಎಂದೆ. "ಗುಡಿಗೆ ಬಂದು ಚಪ್ಪಲಿ ಏಕೆ" ಎಂದು ಬರಿಗಾಲಲ್ಲೇ ನಡೆದರು. ಕಲ್ಲು ತಣ್ಣಗಿತ್ತು.

ಇಟಗಿಯ ಮಹಾದೇವ ದೇವಾಲಯವನ್ನು ನೀವು ನೋಡಲೇಬೇಕು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಅಲ್ಲಿನ ಶಾಸನವೇ ಹೊಗಳಿದೆ. ಬಳಪದ ಕಲ್ಲಿನ ಕಂಬಗಳನ್ನು ತಿರುಗಣಿಗೆ ಕೊಟ್ಟು ಕಡೆದಂತೆ ನುಣುಪು ಮಾಡಿದ್ದಾರೆ, ಬೆಳಗಿನ ಬೆಳಕು ಮಂಟಪಕ್ಕೆ ಬಂದಾಗ ಒಂದು ಕಂಬದ ಹೊಳಪು ಇನ್ನೊಂದರಲ್ಲಿ ಕಾಣುತ್ತದೆ. ಅತ್ತೆಯವರು ಒಂದು ಕಂಬವನ್ನು ತಬ್ಬಿ ಕೆನ್ನೆ ಇಟ್ಟರು. "ಅಪ್ಪ ನನ್ನನ್ನು ಎತ್ತಿ ಇಲ್ಲಿ ಮುಖ ನೋಡಿಕೋ ಎಂದಿದ್ದ" ಎಂದರು. ಮಗಳು ಓಡಿಹೋಗಿ ತಾನೂ ಕೆನ್ನೆ ಇಟ್ಟಳು. ಆಮೇಲೆ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು, ಚಕ್ಕಡಿ ಎಲ್ಲಿ ಬಿಟ್ಟಿದ್ದರು, ಎತ್ತಿಗೆ ಎಲ್ಲಿ ನೀರು ಕುಡಿಸಿದ್ದರು ಎಂಬುದನ್ನೆಲ್ಲ ಮೊಮ್ಮಕ್ಕಳಿಗೆ ತೋರಿಸಿದರು. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೂ ಅವರ ತಂದೆಯ ಬಗ್ಗೆ ನಾನು ಅಷ್ಟು ಮಾತು ಕೇಳಿರಲಿಲ್ಲ.

ಎಂಟೂವರೆಗೆ ಕುಕನೂರಿಗೆ ಬಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿದೆವು. ಅಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯೂ ಇದೆ. ಮಗ ನಿದ್ದೆಗೆ ತೂಕಡಿಸುತ್ತಿದ್ದನಾದ್ದರಿಂದ ಅದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟೆವು. ಹತ್ತಕ್ಕೆ ಮನೆಯಲ್ಲಿದ್ದೆವು. ಯಾರೂ ಯಾರ ಮೇಲೂ ಕೂಗಾಡಿರಲಿಲ್ಲ.

ನಿಮಗೆ ಹತ್ತಿರದ ಬೇರೆ ಜಾಗಗಳನ್ನೂ ಹೇಳುತ್ತೇನೆ. ಊರಲ್ಲೇ ಗವಿಮಠವಿದೆ. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಪಾಲ್ಕಿಗುಂಡು ಎಂಬ ಗುಡ್ಡದ ಮೇಲೆ ಇನ್ನೊಂದಿದೆ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅಕ್ಷರ ನಮ್ಮೂರಲ್ಲಿದೆ ಎಂದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಬಿಸಿಲು ಏರಿದ ಮೇಲೂ ಹೋಗಬಹುದಾದ ಊರೆಂದರೆ ಕಿನ್ನಾಳ, ಏಕೆಂದರೆ ಅಲ್ಲಿ ನೋಡುವುದೆಲ್ಲ ಮನೆಯೊಳಗೆ. ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಬಣ್ಣ ಹಚ್ಚುತ್ತಾರೆ. ಹೋಗುವ ಮುಂಚೆ ಕೆಲಸಕ್ಕೆ ಅಡ್ಡಿಯಿಲ್ಲವೇ ಎಂದು ಕೇಳಿಕೊಳ್ಳಿ, ಚೌಕಾಸಿ ಮಾಡಬೇಡಿ. ಒಂದು ಗೊಂಬೆಯ ಹಿಂದಿನ ದಿನಗಳನ್ನು ಕಣ್ಣಾರೆ ಕಂಡವರಿಗೆ ಚೌಕಾಸಿಗೆ ಮನಸ್ಸೇ ಬರುವುದಿಲ್ಲ.

ತುಂಗಭದ್ರಾ ಅಣೆಕಟ್ಟೆಗೆ ಹೋದರೆ ಮಕ್ಕಳಿಗೆ ಮೊದಲೇ ನಿಜ ಹೇಳಿ. ಮೇ ತಿಂಗಳಲ್ಲಿ ಅಲ್ಲಿ ನೀರು ಧುಮುಕುವುದಿಲ್ಲ. ಹೊಲಗಳಿಗೆ ಹರಿದು ಜಲಾಶಯ ತಳ ಕಂಡಿರುತ್ತದೆ. ನನ್ನ ಮಗ 33 ಗೇಟುಗಳನ್ನು ಎಣಿಸಿ, ಒಂದರಲ್ಲೂ ನೀರಿಲ್ಲವೆಂದು ಅತ್ತಿದ್ದ. ಕಾಲುವೆ ನೀರಿನಲ್ಲೇ ಬೆಳೆದ ನಾನು ಅವನಿಗೆ, ನಾವು ಉಣ್ಣುವ ಅನ್ನದೊಳಗೆ ಆ ನೀರು ಹೋಗಿದೆ ಎಂದು ಹೇಳಿದೆ. ಅಳು ನಿಲ್ಲಲಿಲ್ಲ, ಆದರೆ ರಾತ್ರಿ ಊಟಕ್ಕೆ ಕುಳಿತಾಗ ಅನ್ನವನ್ನು ಬೆರಳಲ್ಲಿ ಹಿಚುಕಿ ನೋಡಿದ. ಅಣೆಕಟ್ಟೆಯನ್ನು ಆಗಸ್ಟ್ ತಿಂಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಣಾಪುರ ಕೆರೆಯ ವಿಷಯದಲ್ಲಿ ಮಾತ್ರ ಕೈಮುಗಿದು ಹೇಳುತ್ತೇನೆ. ಸೆಕೆಯಲ್ಲಿ ಆ ನೀರು ಕಂಡರೆ ಯಾರಿಗೂ ಇಳಿಯಬೇಕೆನಿಸುತ್ತದೆ. ಇಳಿಯಬೇಡಿ, ಮಕ್ಕಳನ್ನು ಇಳಿಸಬೇಡಿ. ಆ ಭಾಗದಲ್ಲಿ ಈಜಲು ಹೋಗಿ ಮುಳುಗಿದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಪಕ್ಕದ ತುಂಗಭದ್ರಾ ಹೊಳೆಯಲ್ಲಿ ಕಲ್ಲುಗಳ ನಡುವಿನ ಸೆಳೆತ ದಡಕ್ಕೆ ಕಾಣುವುದಿಲ್ಲ, ಮೊಸಳೆಗಳೂ ಇವೆ. ಹರಿಗೋಲಿನಲ್ಲಿ ಕೂರುವ ಆಸೆಯಿದ್ದರೆ ಲೈಫ್ ಜಾಕೆಟ್ ಕೊಡುವವರ ಜೊತೆ ಮಾತ್ರ ಹೋಗಿ, ಬೆಳಿಗ್ಗೆಯೇ ಹೋಗಿ.

ಇನ್ನೊಂದು ಮಾತು. ಐದೇ ನಿಮಿಷ ಎಂದುಕೊಂಡು ಮಕ್ಕಳನ್ನಾಗಲಿ ಅತ್ತೆಯವರನ್ನಾಗಲಿ ಗಾಜು ಏರಿಸಿದ ಕಾರಿನಲ್ಲಿ ಬಿಡಬೇಡಿ. ನಿಂತ ಕಾರಿನೊಳಗಿನ ಕಾವು ನಿಮಿಷಗಳಲ್ಲಿ ಏರುತ್ತದೆ. ಬುತ್ತಿಯ ಚೀಲದಲ್ಲಿ ಒಂದೆರಡು ಓಆರ್‌ಎಸ್ ಪೊಟ್ಟಣ ಇರಲಿ. ದಾರಿಯಲ್ಲಿ ತಾಟಿನಿಂಗು ಮಾರುವವರು ಕಂಡರೆ ಗಾಡಿ ನಿಲ್ಲಿಸಿ, ಮಕ್ಕಳಿಗೆ ಅದರಷ್ಟು ತಂಪಾದ ತಿಂಡಿ ಬೇರೆಯಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಅತ್ತೆಯವರ ವಯಸ್ಸು ಬರೆದಿದ್ದೀರಿ, ಮಂಡಿನೋವು ಬರೆದಿದ್ದೀರಿ. ಅವರಿಗೆ ಏನು ನೋಡಬೇಕೆಂದಿದೆ ಎಂಬುದನ್ನು ಬರೆದಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿ ನೋಡಿ. ಮೊದಲ ಸಲ "ನಿಮಗೆ ಎಲ್ಲಿ ಬೇಕೋ ಅಲ್ಲಿಗೆ" ಎನ್ನುತ್ತಾರೆ, ನಮ್ಮ ಅತ್ತೆಯವರೂ ಹಾಗೇ ಎಂದಿದ್ದರು. ಸುಮ್ಮನೆ ಕಾಯಿರಿ. ಅವರು ಹೇಳಿದ ಊರು ಈ ಜಿಲ್ಲೆಯಲ್ಲಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ಎಷ್ಟಕ್ಕೆ ಹೊರಡಬೇಕು, ದಾರಿಯಲ್ಲಿ ಎಲ್ಲಿ ನೆರಳಿದೆ, ಎಲ್ಲಿ ಬೆಳಿಗ್ಗೆ ಏಳಕ್ಕೆ ಬಿಸಿ ಮಂಡಕ್ಕಿ ಸಿಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ.