ಎಂಟು ಚಕ್ರದ ನೀರು-ನೆಲದ ಗಾಡಿ: ಕಂಪನಿಯವರು ಮಾಲೀಕರ ಮಾತು ಕೇಳ್ತಾರಾ?

ಎರಡು ವರ್ಷದಲ್ಲಿ ಎಡಗಡೆಯ ಚೈನು ಮೂರು ಸಲ ಹೋಯಿತು, ದಪ್ಪ ಚೈನು ಹಾಕಿ ಅಂತ ಕಂಪನಿಗೆ ನಾಲ್ಕು ಮೇಲ್ ಬರೆದೆ, ಒಂದಕ್ಕೂ ನೆಟ್ಟಗಿನ ಉತ್ತರವಿಲ್ಲ, ಇವರಿಗೆ ಮಾಲೀಕರ ಮಾತೇ ಬೇಡವಾ ಅಂತ ಕೇಳಿದ್ದೀರಿ. ಮಿನ್ನೆಸೋಟದ ಜೌಗಿನಲ್ಲಿ ಓಡಿಸುತ್ತೀರಿ, ಹೋದ ವರ್ಷ ಒಂದು ಟೈರು ಬದಲಾಯಿಸಿದ್ದೀರಿ, ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ ಅಂತಲೂ ಕೊನೆಯಲ್ಲಿ ಸೇರಿಸಿದ್ದೀರಿ.

ನನ್ನ ಗಾಡಿಯ ಚೈನೂ ಹೀಗೇ ಹೋಗುತ್ತಿತ್ತು, ನಾನೂ ಕಂಪನಿಗೆ ದೂರು ಬರೆದಿದ್ದೆ. ಟೈರು, ಬಲಕ್ಕೆ ಎಳೆತ ಅನ್ನುವ ಆ ಕೊನೆಯ ಎರಡು ವಿಷಯ ಅದರಲ್ಲಿ ಇರಲೇ ಇಲ್ಲ. ಉಳಿದದ್ದೆಲ್ಲ ಹೀಗೇ ಇತ್ತು: ಅದೇ ಎಡಗಡೆ, ಅದೇ ಚೈನು, ಅದೇ "ದಪ್ಪ ಚೈನು ಹಾಕಿ". ಕಂಪನಿಯವರು ಕೊನೆಗೂ ಉತ್ತರ ಕೊಟ್ಟಾಗ ಮೂರೇ ಪ್ರಶ್ನೆ ಕೇಳಿದರು. ಹಳೆಯ ಚೈನಿನ ಅಳತೆ ಎಷ್ಟು, ಎಂಟೂ ಟೈರುಗಳ ಸುತ್ತಳತೆ ಎಷ್ಟು, ಎಂಜಿನ್ ಓಡಿದ ಗಂಟೆ ಲೆಕ್ಕ ಇಡುವ ಅವರ್ ಮೀಟರ್ ಎಷ್ಟು ತೋರಿಸುತ್ತಿದೆ. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಚೈನು ಗುಜರಿಗೆ ಹೋಗಿ ತಿಂಗಳಾಗಿತ್ತು. ವಾರಂಟಿ ಅಲ್ಲಿಗೇ ಮುಗಿಯಿತು. ಎರಡನೆಯದನ್ನು ಅಳೆಯಲು ಟೇಪು ಹಿಡಿದಾಗ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು. ಅದನ್ನು ಸ್ವಲ್ಪ ಉದ್ದವಾಗಿಯೇ ಬಿಡಿಸಿ ಹೇಳುತ್ತೇನೆ, ನಿಮ್ಮ ರೋಗವೂ ಬಹುಶಃ ಅದೇ.

ಈ ಗಾಡಿಗಳಲ್ಲಿ ಒಂದು ಪಕ್ಕದ ನಾಲ್ಕು ಚಕ್ರಗಳನ್ನೂ ಚೈನಿನಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ಗೇರ್‌ಬಾಕ್ಸಿನಿಂದ ಒಂದು ಆಕ್ಸಲಿಗೆ, ಅಲ್ಲಿಂದ ಪಕ್ಕದ ಆಕ್ಸಲಿಗೆ. ಎಡ ಬಲಗಳ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಇದೆ, ತಿರುಗುವುದೇ ಅದರಿಂದ. ಆದರೆ ಒಂದೇ ಪಕ್ಕದ ನಾಲ್ಕು ಚಕ್ರಗಳಿಗೆ ಆ ಸ್ವಾತಂತ್ರ್ಯ ಇಲ್ಲ. ಒಂದು ಸುತ್ತು ಅಂದರೆ ನಾಲ್ಕಕ್ಕೂ ಒಂದೇ ಸುತ್ತು.

ಈಗ ಲೆಕ್ಕ ಹಾಕಿ. 25 ಇಂಚಿನ ಟೈರಿನ ಸುತ್ತಳತೆ ಸುಮಾರು 1995 ಮಿ.ಮೀ. ಹಳೆಯ ಟೈರುಗಳ ಗುಬುಟು, ಅಂದರೆ ನೆಲ ಕಚ್ಚುವ ಉಬ್ಬುಗಳು, 8 ಮಿ.ಮೀ. ಸವೆದಿದೆ ಅಂತಿಟ್ಟುಕೊಳ್ಳಿ. ನಡುವೆ ಒಂದು ಪಂಕ್ಚರ್ ಆಗಿ ಹೊಸ ಟೈರು ಹಾಕಿದಿರಿ. ತ್ರಿಜ್ಯದಲ್ಲಿ 8 ಮಿ.ಮೀ. ಅಂದರೆ ಸುತ್ತಳತೆಯಲ್ಲಿ 50 ಮಿ.ಮೀ. ಹೊಸ ಚಕ್ರ ಪ್ರತಿ ಸುತ್ತಿಗೂ 5 ಸೆಂ.ಮೀ. ಹೆಚ್ಚು ಹೋಗಬೇಕು ಅನ್ನುತ್ತದೆ, ಉಳಿದ ಮೂರು ಬೇಡ ಅನ್ನುತ್ತವೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಒಂದು ಕಿ.ಮೀ.ಗೆ ಸುಮಾರು 500 ಸುತ್ತು, ಅಂದರೆ 25 ಮೀಟರಿನ ಜಗಳ. ಕೆಸರಿನಲ್ಲಿ ಟೈರು ಜಾರಿ ಆ ಜಗಳ ಕರಗಿಹೋಗುತ್ತದೆ. ಟಾರು ರಸ್ತೆ, ಕಾಂಕ್ರೀಟು, ಗಟ್ಟಿ ಮಣ್ಣಿನ ದಾರಿಯಲ್ಲಿ ಜಾರಲು ಎಡೆಯಿಲ್ಲ. ಎಳೆತವೆಲ್ಲ ಚೈನಿನ ಮೇಲೆ ಬೀಳುತ್ತದೆ. ಎಂಜಿನ್ ಏನೂ ಹೆಚ್ಚು ಶಕ್ತಿ ಕೊಡದಿದ್ದರೂ ಚೈನು ಬಿಗಿದು ನಿಂತಿರುತ್ತದೆ.

ನಾನು ಮಾಡಿದ್ದು ಇಷ್ಟೇ: ಹೊಸ ಟೈರು ಹಾಕಿ, ಎಂಟಕ್ಕೂ ಒಂದೇ ಗಾಳಿ ತುಂಬಿ, ಸಮ ಆಯಿತು ಅಂದುಕೊಂಡೆ. ಸಮ ಇರಬೇಕಾದದ್ದು ಸುತ್ತಳತೆ, ಗಾಳಿಯಲ್ಲ. ಸಾಲದ್ದಕ್ಕೆ ಗಾಳಿ ನೋಡಿದ್ದು ಕಾರಿನ ಗೇಜಿನಲ್ಲಿ. ಈ ಟೈರುಗಳು ಕೆಲಸ ಮಾಡುವುದು ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ನಡುವೆ. ಕಾರಿನ ಗೇಜಿನ ಮುಳ್ಳು ಅಷ್ಟು ಕೆಳಗೆ ಸುಳ್ಳು ಹೇಳುತ್ತದೆ. 4ರಲ್ಲಿ 2 ತಪ್ಪಿದರೆ ಅರ್ಧಕ್ಕರ್ಧ ತಪ್ಪು. 0ರಿಂದ 15ರವರೆಗಿನ ಕಡಿಮೆ ಒತ್ತಡದ ಗೇಜು ಬೇರೆಯೇ ಸಿಗುತ್ತದೆ, ಅದನ್ನೇ ಕೊಳ್ಳಿ. ಚಳಿಯ ಲೆಕ್ಕವೂ ಇದೆ: 20 ಡಿಗ್ರಿಯ ಗ್ಯಾರೇಜಿನಲ್ಲಿ 4 ಪಿಎಸ್‌ಐ ತುಂಬಿದ ಟೈರು ಮೈನಸ್ 10 ಡಿಗ್ರಿಯ ಹೊರಗೆ ನಿಂತರೆ ಸುಮಾರು 2ಕ್ಕೆ ಇಳಿಯುತ್ತದೆ. ಗಾಡಿ ಓಡಿಸುವ ಜಾಗದಲ್ಲೇ ಗಾಳಿ ನೋಡಬೇಕು.

ಪರೀಕ್ಷೆ ಸುಲಭ. ಗಾಡಿಯನ್ನು ಗಟ್ಟಿ ನೆಲದಲ್ಲಿ ನೇರವಾಗಿ 50 ಮೀಟರ್ ಓಡಿಸಿ ನಿಲ್ಲಿಸಿ. ಸಮತಟ್ಟಾದ ಜಾಗ ಇರಲಿ, ಉರುಳದಂತೆ ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಅನುಮಾನದ ಚಕ್ರವನ್ನು ಜಾಕ್ ಕೊಟ್ಟು ಎತ್ತಿ. ನೆಲ ಬಿಟ್ಟ ಕ್ಷಣ ಅದು ತಾನಾಗಿ ಒಂದಿಷ್ಟು ತಿರುಗಿ ನಿಂತರೆ ಚೈನಿನಲ್ಲಿ ತಿರುಚು ಕೂತಿದೆ. ಆಮೇಲೆ ದರ್ಜಿ ಟೇಪು ತೆಗೆದುಕೊಂಡು ಪ್ರತಿ ಟೈರನ್ನೂ ಗುಬುಟಿನ ನಡು ಸಾಲಿನ ಮೇಲೆ ಸುತ್ತಿ ಅಳೆಯಿರಿ. ಚಕ್ರ ನೆಲ ಬಿಟ್ಟಿರಬೇಕು, ಮಣ್ಣು ಉಜ್ಜಿ ತೆಗೆದಿರಬೇಕು. ಒಂದೇ ಪಕ್ಕದ ನಾಲ್ಕು 10 ಮಿ.ಮೀ. ಒಳಗೆ ಬರಬೇಕು ಅನ್ನುವುದು ನಾನು ಪಾಲಿಸುವ ಮಿತಿ. ಚಿಕ್ಕದಾದದ್ದಕ್ಕೆ ಸ್ವಲ್ಪ ಹೆಚ್ಚು ಗಾಳಿ, ದೊಡ್ಡದಕ್ಕೆ ಸ್ವಲ್ಪ ಕಡಿಮೆ. ಆದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿ ದಾಟಬೇಡಿ. 50 ಮಿ.ಮೀ. ವ್ಯತ್ಯಾಸ ಗಾಳಿಯಿಂದ ಸರಿಹೋಗುವುದಿಲ್ಲ. ಅಷ್ಟೇ ಸವೆದ ಹಳೆಯ ಟೈರು ಹುಡುಕಬೇಕು, ಇಲ್ಲವೇ ಆ ಪಕ್ಕದ ನಾಲ್ಕನ್ನೂ ಬದಲಿಸಬೇಕು.

ಇನ್ನು ದಪ್ಪ ಚೈನಿನ ಬೇಡಿಕೆ. ಅವರು ಅದನ್ನು ಕೇಳದೇ ಇದ್ದದ್ದೇ ಸರಿ. ಹೀಗೆ ಹೇಳಿದರೆ ನಿಮಗೆ ಸಿಟ್ಟು ಬರಬಹುದು, ನನಗೂ ಬಂದಿತ್ತು. 50 ನಂಬರಿನ ಚೈನಿನ ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ, 15.875 ಮಿ.ಮೀ., 60 ನಂಬರಿನದು 19.05. ಪಿಚ್ ಬದಲಾದರೆ ಚೈನು ಕೂರುವ ಹಲ್ಲಿನ ಚಕ್ರಗಳು, ಅಂದರೆ ಸ್ಪ್ರಾಕೆಟ್ಟುಗಳು, ಎಲ್ಲವೂ ಬದಲಾಗಬೇಕು, ಒಡಲಿನೊಳಗೆ ಜಾಗವೂ ಬೇಕು. ಅದೆಲ್ಲ ಆದರೂ ಜಗಳ ಹಾಗೇ ಇರುತ್ತದೆ. ಚೈನು ತುಂಡಾಗುವ ಬದಲು ಆಕ್ಸಲ್ ತಿರುಚುತ್ತದೆ, ಇಲ್ಲವೇ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಹೋಗುತ್ತದೆ. ಇಡೀ ಸಾಲಿನಲ್ಲಿ ಅಗ್ಗದ ತುಂಡು ಚೈನು. ಅದು ಮೊದಲು ಹೋಗುತ್ತಿರುವುದು ಒಳ್ಳೆಯದೇ.

ತೂಕದ ವಿಷಯವೂ ಇದೆ, ಮಾಲೀಕರ ಬೇಡಿಕೆಯ ಪಟ್ಟಿಗಳಲ್ಲಿ ಮುಕ್ಕಾಲು ಪಾಲು ಬಿದ್ದುಹೋಗುವುದು ಇಲ್ಲೇ. ತೇಲುವ ಒಡಲು 2.5 ಮೀಟರ್ ಉದ್ದ, 1.2 ಮೀಟರ್ ಅಗಲ ಅಂದುಕೊಂಡರೆ ನೀರಿನ ಮಟ್ಟದಲ್ಲಿ 3 ಚದರ ಮೀಟರ್. ಪ್ರತಿ 30 ಕಿಲೋಗೆ ಗಾಡಿ 1 ಸೆಂ.ಮೀ. ಮುಳುಗುತ್ತದೆ. ಟೈರುಗಳೂ ತೇಲಿಸುತ್ತವೆ, ಇಂಥ ಅಗಲವಾದ ಟೈರು ಪೂರ್ತಿ ಮುಳುಗಿದರೆ ಒಂದೊಂದು 60–70 ಲೀಟರ್ ನೀರು ಸರಿಸೀತು. ಲೋಹದ ಚಾವಣಿ, ದೊಡ್ಡ ವಿಂಚ್, ಎರಡನೇ ಬ್ಯಾಟರಿ, ಗಾಜು, ಜೊತೆಗೆ ದಪ್ಪ ಚೈನು: ಎಲ್ಲ ಸೇರಿ 120 ಕಿಲೋ ಆದರೆ ನೀರಿನ ಮೇಲಿನ ಅಂಚು 4 ಸೆಂ.ಮೀ. ಕೆಳಗೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿದಾಗ ನೀರು ಒಳಗೆ ಬರಲು ಅಷ್ಟು ಸಾಕು. ಎತ್ತರದ ತೂಕ ಇನ್ನೂ ಕೆಟ್ಟದ್ದು.

ಹಾಗಾದರೆ ಅವರು ಏನನ್ನು ಕೇಳುತ್ತಾರೆ? ಮದ್ದನ್ನಲ್ಲ, ರೋಗವನ್ನು. ವಿನ್ಯಾಸ ಹೇಗಿರಬೇಕು ಅನ್ನುವ ಮೇಲ್‌ಗಳು ಮಾರಾಟ ವಿಭಾಗದಲ್ಲೇ ಮಲಗುತ್ತವೆ. ಮುರಿದ ತುಂಡು, ಸೀರಿಯಲ್ ನಂಬರು, ಗಂಟೆಯ ಲೆಕ್ಕ, ಇಷ್ಟು ಇದ್ದದ್ದು ಡೀಲರನ ವಾರಂಟಿ ಕ್ಲೇಮಿನ ದಾರಿಯಲ್ಲಿ ಎಂಜಿನಿಯರ್ ಮೇಜಿಗೆ ಹೋಗುತ್ತದೆ. ನಿಮ್ಮ ನಾಲ್ಕು ಮೇಲ್‌ಗಳಲ್ಲಿ ಒಂದರಲ್ಲೂ ಅಂಕಿ ಇಲ್ಲ ಅಂತ ನನ್ನ ಊಹೆ. ಹಾಗಿದ್ದರೆ ನೀವು ಅವರಿಗೆ ಇನ್ನೂ ಏನೂ ಹೇಳಿಲ್ಲ.

ಚೈನು ಅಳೆಯುವುದು ಹೀಗೆ. ಬಿಚ್ಚಿದ ಚೈನನ್ನು ನೇರವಾಗಿ ಹಾಸಿ, ಎಳೆದು, 16 ಪಿಚ್ ಅಳೆಯಿರಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ. 50 ನಂಬರಿನ ಹೊಸ ಚೈನಿನಲ್ಲಿ ಅದು ಸರಿಯಾಗಿ 254 ಮಿ.ಮೀ. 257.8 ದಾಟಿದರೆ ಶೇ. 1.5 ಸವೆದಿದೆ, ಬದಲಿಯನ್ನು ತರಿಸಿಟ್ಟುಕೊಳ್ಳಿ. 261.6 ಅಂದರೆ ಶೇ. 3, ಅದು ಮುಗಿದ ಚೈನು. ಮೂರು ಜಾಗದಲ್ಲಿ ಅಳೆದು ಮೂರನ್ನೂ ಬರೆಯಿರಿ, ಬಲಗಡೆಯದನ್ನೂ ಅಳೆಯಿರಿ. ಎಡ 261, ಬಲ 255 ಅನ್ನುವ ಎರಡು ಅಂಕಿ ನಾಲ್ಕು ಪುಟದ ಸಿಟ್ಟಿಗಿಂತ ಹೆಚ್ಚು ಹೇಳುತ್ತವೆ: ಎರಡೂ ಪಕ್ಕ ಒಂದೇ ಚೈನು, ಒಂದೇ ಎಂಜಿನ್, ಒಂದೇ ಗಂಟೆ, ಆದರೂ ಒಂದೇ ಪಕ್ಕ ಸವೆದಿದೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಅದರ ಫೋಟೊ ಕೂಡ. ಬಾಗಿದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಒಂದೇ ಸೀಸನ್ನು. ನಿಮ್ಮ ಎರಡನೆಯದೂ ಮೂರನೆಯದೂ ಹಾಗೇ ಹೋಗಿರಬಹುದು.

ಬೇರಿಂಗ್ ದೂರು ಇದ್ದರೆ ಅದನ್ನು ಬೇರೆ ಮೇಲ್‌ನಲ್ಲಿ ಬರೆಯಿರಿ, ಒಂದು ಮೇಲ್‌ಗೆ ಒಂದೇ ದೋಷ. ಅಲ್ಲೂ ಮೊದಲು ಕಾರಣ ನೋಡಿ. ದೂರದಿಂದ ಓಡಿಬಂದು ಬಿಸಿಯಾದ ಬೇರಿಂಗಿನ ಗೂಡು ತಣ್ಣಗಿನ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ದಡದಲ್ಲಿ ಹತ್ತು ನಿಮಿಷ ನಿಂತು ಇಳಿಯಿರಿ. ನೀರಿನಿಂದ ಬಂದ ದಿನವೇ ಕೈ ಗನ್ನಿನಿಂದ ನಿಧಾನವಾಗಿ ನೀರು ತಡೆಯುವ ಗ್ರೀಸ್ ಹಾಕಿ, ಜೋರಾಗಿ ಒತ್ತಿದರೆ ಸೀಲೇ ಹೊರಬರುತ್ತದೆ. ಎರಡು ಬಗೆಯ ಗ್ರೀಸ್ ಬೆರೆಸಬೇಡಿ. ಅರ್ಧ ಗಂಟೆ ಒಣನೆಲದಲ್ಲಿ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಎಂಟು ಹಬ್‌ಗಳ ಬಿಸಿ ನೋಡಿ. ಒಂದೇ ಒಂದು 15–20 ಡಿಗ್ರಿ ಹೆಚ್ಚಿದ್ದರೆ ಅದರ ಅಂಕಿ ಮೇಲ್‌ನಲ್ಲಿ ಇರಲಿ. ಬಿಚ್ಚಿದ ಬೇರಿಂಗನ್ನು ತೊಳೆಯಬೇಡಿ. ಒಳಗಿನ ಹಾಲುಬಣ್ಣದ ಗ್ರೀಸೇ ನೀರು ಹೊಕ್ಕಿದ್ದಕ್ಕೆ ಸಾಕ್ಷಿ, ಹಾಗೇ ಚೀಲದಲ್ಲಿ ಕಟ್ಟಿಡಿ.

ಸ್ಟೀರಿಂಗ್ ಕೈಕೊಟ್ಟರೆ, ಪೆಟ್ರೋಲ್ ಸೋರಿದರೆ, ನೀರಿನಲ್ಲಿ ಒಡಲು ಬಿರುಕು ಬಿಟ್ಟರೆ ಮಾತೇ ಬೇರೆ. ಆಗ ಸೌಜನ್ಯದ ಮೇಲ್ ಬರೆದು ಕಾಯಬೇಡಿ. ನೀವು ಅಮೆರಿಕದಲ್ಲಿದ್ದೀರಿ, ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2011ರಿಂದ ಸಾರ್ವಜನಿಕರ ದೂರುಗಳನ್ನು ನೇರವಾಗಿ ತೆಗೆದುಕೊಂಡು, ಸಾಧ್ಯವಾದಷ್ಟೂ ಐದು ಕೆಲಸದ ದಿನಗಳಲ್ಲಿ ತಯಾರಕರಿಗೆ ಕಳಿಸುತ್ತದೆ. ಗಂಭೀರ ಅಪಾಯದ ಮಾಹಿತಿ ಸಿಕ್ಕರೆ 24 ಗಂಟೆಯೊಳಗೆ ಆಯೋಗಕ್ಕೆ ತಿಳಿಸುವ ಹೊಣೆ ಕಂಪನಿಯ ಮೇಲೇ ಇದೆ. ಆದರೆ ಚೈನು ಸವೆತಕ್ಕೆ ಈ ಬೆದರಿಕೆ ಹಾಕಿದರೆ ಡೀಲರ್ ಕೂಡ ನಿಮ್ಮ ಫೋನ್ ಎತ್ತುವುದಿಲ್ಲ.

ಸಂಖ್ಯೆಯ ಬಲ ಇನ್ನೊಂದು. ಭಾರತೀಯ ಸೇನೆ ಕೊಂಡ ಆಟರ್ ಎನ್1200 ನೋಡಿ: 96 ಗಾಡಿಗಳ ಒಂದೇ ಆರ್ಡರು, 1200 ಕಿಲೋ ಹೊರೆ, ಆಳೆತ್ತರದ ಟೈರು. ಅಂಥ ಗಿರಾಕಿ ತನ್ನ ಬೇಡಿಕೆಯನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಇಡುತ್ತಾನೆ. ಒಂದು ಗಾಡಿ ಕೊಂಡ ನಮಗೆ ಆ ಭಾಗ್ಯವಿಲ್ಲ. ರಷ್ಯಾದ ಹಳ್ಳಿಗರು ಇನ್ನೊಂದು ದಾರಿ ಹಿಡಿದರು, ಯಾರನ್ನೂ ಕೇಳದೆ ಲಾರಿ, ಟ್ರ್ಯಾಕ್ಟರ್ ಟ್ಯೂಬು ಕಟ್ಟಿ ಕಾರಕಾತ್ ಅನ್ನುವ ಗಾಡಿಗಳನ್ನು ಮನೆಯಲ್ಲೇ ಮಾಡಿಕೊಂಡರು. ಇಂದು ಮಾರುಕಟ್ಟೆಯಲ್ಲಿರುವ ಶೆರ್ಪ್‌ನಂಥ ದೈತ್ಯ ಟೈರಿನ ಗಾಡಿಗಳಿಗೆ ಅವು ಅಣ್ಣಂದಿರು. ನಿಮಗೆ ಎರಡೂ ಆಗದು ಅಂದರೆ ಅದೇ ಮಾದರಿಯ ಐದಾರು ಮಾಲೀಕರನ್ನು ಹುಡುಕಿ, ಎಲ್ಲರೂ ಒಂದೇ ಹಾಳೆ ತುಂಬಿ: ಸೀರಿಯಲ್ ನಂಬರು, ಗಂಟೆ, ಗಟ್ಟಿ ನೆಲದಲ್ಲಿ ಎಷ್ಟು ಪಾಲು, ಸಾಮಾನ್ಯ ಹೊರೆ, ಎಂಟು ಸುತ್ತಳತೆ, ಎರಡೂ ಚೈನಿನ ಅಳತೆ. ಎಲ್ಲರ ಸುತ್ತಳತೆ ಸಮ ಇದ್ದೂ ಎಡ ಚೈನೇ ಹೋಗುತ್ತಿದ್ದರೆ ಅದು ನಿಜವಾಗಿ ವಿನ್ಯಾಸದ ದೋಷ. ಸ್ಪ್ರಾಕೆಟ್ ಸಾಲು ತಪ್ಪಿದೆ, ಇಲ್ಲವೇ ಚೈನನ್ನು ಬಿಗಿಯಾಗಿಡುವ ಆ ಪಕ್ಕದ ಟೆನ್ಷನರ್ ಕೆಲಸ ಮಾಡುತ್ತಿಲ್ಲ. ಆಗ ನಿಮ್ಮ ಜೊತೆ ನಾನೂ ಬರೆಯುತ್ತೇನೆ.

ಸದ್ಯಕ್ಕೆ ಗಾಡಿ ಬಲಕ್ಕೆ ಎಳೆಯುತ್ತದೆ ಅಂದಿರಲ್ಲ. ಎಡಗಡೆಯಲ್ಲಿ ಒಂದು ಚಕ್ರ ದೊಡ್ಡದಾದರೆ ಆ ಪಕ್ಕ ಹೆಚ್ಚು ದೂರ ಹೋಗುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಹೋದ ವರ್ಷ ಬದಲಾಯಿಸಿದ ಟೈರು ಯಾವ ಪಕ್ಕದ್ದು ಅಂತ ನೀವು ಬರೆದಿಲ್ಲ. ಎಡಗಡೆಯದೇ ಆಗಿದ್ದರೆ ಐದನೇ ಮೇಲ್ ಬರೆಯುವ ಮೊದಲು ಟೇಪು ಹಿಡಿಯಿರಿ, ಎಂಟು ಅಂಕಿಗಳನ್ನು ಇಲ್ಲಿ ಕೆಳಗೆ ಹಾಕಿ.