ಒಂದೇ ಮನೆಯ ಎರಡು ನೀರು

"ಅಪ್ಪನಿಗೆ ಹಿಡಿದಿರುವ ಸಮುದ್ರದ ಹುಚ್ಚು ಬಿಡಿಸಿಕೊಡಿ ಮೇಡಂ." ಬೆಂಗಳೂರಿನಲ್ಲಿರುವ ಮಗ ಆಪ್ತಸಮಾಲೋಚಕಿಯಾದ ನನ್ನನ್ನು ಫೋನಿನಲ್ಲಿ ಕೇಳಿದ್ದು ಇಷ್ಟೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ದಂಪತಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅಪ್ಪನಿಗೆ ಎಪ್ಪತ್ತರ ಹತ್ತಿರ. ದುಡಿಮೆಯ ಕಾಲವನ್ನೆಲ್ಲ ಕರಾವಳಿಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತ ಕಳೆದವರು. ಊರಿನಲ್ಲಿ ಎಲ್ಲರಿಗೂ 'ದೋಣಿ ಮೇಷ್ಟ್ರು'. ಸಣ್ಣದೊಂದು ಪಾರ್ಶ್ವವಾಯು ಆಗಿ, ಅದರ ಬೆನ್ನಿಗೇ ಫಿಟ್ಸ್ ಕಾಣಿಸಿಕೊಂಡ ಮೇಲೆ ಹೆಂಡತಿಯೊಂದಿಗೆ ಸಾಗರದ ಕಡೆಯ ಅಡಿಕೆ ತೋಟದ ಮನೆಗೆ ಮರಳಿದರು. ಮಾತ್ರೆ ನಡೆಯುತ್ತಿದೆ, ಫಿಟ್ಸ್ ಹತೋಟಿಯಲ್ಲಿದೆ. ಆದರೆ ರಾತ್ರಿ ನಿದ್ದೆಯಿಲ್ಲ. ಅಟ್ಟಕ್ಕೆ ಹೋಗಿ ಹಳೆಯ ಹಾಯಿ, ಹಗ್ಗಗಳ ನಡುವೆ ಕೂರುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು ಎಂದು ಆಳುಗಳು ಕೇಳಿದರೆ "ಅವಳನ್ನ ಕೇಳಿ" ಎನ್ನುತ್ತಾರೆ. ಕೊನೆಗೊಂದು ದಿನ ಕೊಲ್ಲೂರಿಗೆ ಎಲ್ಲರೂ ಹೋಗಿದ್ದಾಗ ಹೇಳದೆ ಬಸ್ಸು ಹತ್ತಿದರು. ಸಂಜೆ ಅವರು ಸಿಕ್ಕಿದ್ದು ಮರವಂತೆಯಲ್ಲಿ, ಒಂದು ಮಗ್ಗುಲಲ್ಲಿ ಸೌಪರ್ಣಿಕೆ, ಇನ್ನೊಂದು ಮಗ್ಗುಲಲ್ಲಿ ಸಮುದ್ರ ಇರುವ ಆ ಹೆದ್ದಾರಿಯ ಪಕ್ಕದ ಮರಳಿನ ಮೇಲೆ.

ಮೊದಲ ಭೇಟಿಯಲ್ಲಿ ಕೇಳಲೇಬೇಕಾದ್ದನ್ನು ಸುತ್ತಿ ಬಳಸದೆ ಕೇಳಿದೆ. "ಮರವಂತೆಯಲ್ಲಿ ನೀರಿಗಿಳಿದು ಜೀವ ಕಳಕೊಳ್ಳುವ ಯೋಚನೆ ಇತ್ತಾ ಮೇಷ್ಟ್ರೇ?" ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದೀತು ಎಂದು ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿಸಿಕೊಂಡವರಿಗೆ ಬಹಳ ಸಲ ಉಸಿರು ಹಗುರಾಗುತ್ತದೆ.

"ಛೆ, ಇಲ್ಲ. ಗಾಳಿ ಎತ್ತಲಿಂದ ಬರ್ತಿದೆ ಅಂತ ನೋಡ್ಬೇಕಿತ್ತು, ಅಷ್ಟೇ" ಎಂದರು. ಆದರೂ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಹೇಳಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಉಚಿತ ಸಹಾಯವಾಣಿ ಅದು.

ಆಮೇಲೆ ಅವರನ್ನು ಮಾತಾಡಲು ಬಿಟ್ಟೆ. ಶಾಲೆಯ ಪ್ರವಾಸದಲ್ಲಿ ಕೊಡಚಾದ್ರಿ ಹತ್ತಿ, ಪಶ್ಚಿಮದಲ್ಲಿ ಬೆಳ್ಳಗೆ ಹೊಳೆಯುವ ಒಂದು ಗೆರೆ ನೋಡಿದ್ದರಂತೆ. ಅದು ಸಮುದ್ರ ಎಂದು ಶಾಲೆಯ ಮೇಷ್ಟರು ಹೇಳಿದ್ದೇ ತಡ, ಹುಡುಗ ಬೇರೆಯವನೇ ಆಗಿಬಿಟ್ಟ. ಮಂಗಳೂರಿನಲ್ಲಿ ಕಾಲೇಜು, ಎನ್‌ಸಿಸಿಯ ನೌಕಾ ವಿಭಾಗ, ಎಂಟರ್‌ಪ್ರೈಸ್ ಎಂಬ ಹಾಯಿದೋಣಿಯಲ್ಲಿ ಮೊದಲ ಪಾಠ. ಮುಂದೆ ಮಕ್ಕಳಿಗೆ ಆಪ್ಟಿಮಿಸ್ಟ್ ದೋಣಿ ಕಲಿಸುವುದೇ ಅವರ ಕಸುಬಾಯಿತು. ಸುಮಾರು 2.3 ಮೀಟರ್ ಉದ್ದದ, ಒಂದೇ ಹಾಯಿಯ, ಒಂದೇ ಮಗು ಕೂರುವ ದೋಣಿ ಅದು; ಮೇಷ್ಟರು ಇನ್ನೊಂದು ದೋಣಿಯಲ್ಲಿ ಹಿಂದೆ ಬರುತ್ತಾರೆ. ನೆಲ ಕಾದಂತೆ ಕಡಲಿನ ಕಡೆಯಿಂದ ಗಾಳಿ ಏಳುತ್ತದೆ. ಜೋರು ಗಾಳಿ ಬೀಸಿದ ಜಾಗದಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ಆ ಕಪ್ಪು ತನ್ನ ಕಡೆ ಬರುವುದನ್ನು ಮಗು ಕಂಡು, ಹಾಯಿಯ ಹಗ್ಗವನ್ನು ತಾನಾಗಿಯೇ ಸಡಿಲಿಸಬೇಕು. "ದೋಣಿಗೆ ಬ್ರೇಕ್ ಇಲ್ಲ ಮೇಡಂ. ನಾನು ಕೂಗಿ ಹೇಳೋ ಹೊತ್ತಿಗೆ ಗಾಳಿ ತಾಗಿ ಆಗಿರ್ತದೆ. ಮಗುವಿಗೇ ಗೊತ್ತಾಗ್ಬೇಕು. ಗೊತ್ತಾದ ದಿನ ಅದರ ಮುಖ ನೋಡ್ಬೇಕು ನೀವು." ಇದನ್ನು ಹೇಳುವಾಗ ಅವರ ಬಲಗೈ ಇಲ್ಲದ ಹಗ್ಗವನ್ನು ಸಡಿಲಿಸುತ್ತಿತ್ತು.

ಹುಚ್ಚು ಎಂಬ ಮಾತನ್ನು ಮನೆಯಲ್ಲಿ ಯಾರೂ ಬಳಸಬಾರದು ಎಂದು ಮಗನಿಗೆ ಅಂದೇ ತಿಳಿಸಿದೆ. ಇದು ಅಗಲಿಕೆಯ ದುಃಖ. ಮನುಷ್ಯರು ಸತ್ತಾಗ ಹದಿಮೂರು ದಿನ ಮನೆಗೆ ಜನ ಬರುತ್ತಾರೆ. ಕಸುಬು ಮತ್ತು ಕಡಲು ಒಂದೇ ದಿನ ಕೈಬಿಟ್ಟವನ ಮನೆಗೆ ಯಾರು ಬರುತ್ತಾರೆ? ಟಿವಿ ಕೊಡಿಸುವುದು, ತೀರ್ಥಯಾತ್ರೆ ಮಾಡಿಸುವುದು, ಇವೆಲ್ಲ ಪ್ರೀತಿಯಿಂದಲೇ ಮಾಡಿದ್ದು. ಆದರೆ ಅವರಿಗೆ ಅದು ಬಾಯಿ ಮುಚ್ಚಿಸಿದಂತೆ ಕೇಳಿಸಿತ್ತು. "ಹೊನ್ನೆಮರಡುವಿನಲ್ಲಿ ದೋಣಿ ಇದೆಯಲ್ಲಪ್ಪಾ, ಅಲ್ಲಿಗೇ ಹೋಗಿ" ಎಂಬ ಮಗನ ಸಲಹೆಯೂ ಅಷ್ಟೇ. ಹೊನ್ನೆಮರಡುವಿನ ಶರಾವತಿ ಹಿನ್ನೀರು ಚೆಂದ, ನಿಜ. ಆದರೆ ಅಲ್ಲಿ ಉಬ್ಬರವಿಳಿತವಿಲ್ಲ, ದೂರದಿಂದ ಉರುಳಿ ಬರುವ ಅಲೆಯಿಲ್ಲ, ಉಪ್ಪಿನ ವಾಸನೆಯಿಲ್ಲ. ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟು ಸಮಾಧಾನ ಮಾಡಹೋಗುವುದು ಅವರ ನಷ್ಟವನ್ನೇ ಚಿಕ್ಕದು ಮಾಡಿದಂತೆ.

ಈ ಪ್ರಕರಣದ ಬೇರು ಸಿಕ್ಕಿದ್ದು ಅಮ್ಮ ಬಂದ ದಿನ. ಫಿಟ್ಸಿನ ಭಯಕ್ಕೆ ಅವರು ಗಂಡನನ್ನು ನೀರಿನ ಹತ್ತಿರ ಬಿಡುತ್ತಿಲ್ಲ ಎಂದು ಎಲ್ಲರೂ ನಂಬಿದ್ದರು. "ಫಿಟ್ಸ್ ಬರುವ ಮುಂಚೆ ಇವರ ದೋಣಿ ಹತ್ತಿದ್ದಿರಾ ಅಮ್ಮಾ?" ಎಂದು ಕೇಳಿದೆ. ಒಮ್ಮೆಯೂ ಇಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ಕಲಿಸುವುದನ್ನು ದಡದಲ್ಲಿ ನಿಂತೂ ನೋಡಿದವರಲ್ಲ.

ಅವರು ಮುಳುಗಡೆಯ ಮನೆಯ ಮಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಒತ್ತಿ ಬಂದಾಗ ಐದಾರು ವರ್ಷದ ಹುಡುಗಿ. ತೋಟ, ಗದ್ದೆ, ಬಾವಿ, ಚೌಡಿಬನ ಎಲ್ಲ ನೀರಿನಡಿ ಹೋದವು. ಹಾಗೆ ಎದ್ದ ಕುಟುಂಬಗಳನ್ನು ಕಾಡಿನ ಜಾಗಗಳಲ್ಲಿ ತಂದು ಇಳಿಸಿದರು. ಆ ನೆಲದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುವವರಿದ್ದಾರೆ. ಹಿನ್ನೀರಿನ ಆಚೆ ನೆಂಟರ ಮನೆಗೆ ಹೋಗಬೇಕಾದರೆ ಲಾಂಚ್ ಹತ್ತಬೇಕಿತ್ತು, ಇಲ್ಲವೇ ದೂರದ ಸುತ್ತುದಾರಿ. ಲಾಂಚಿನಲ್ಲಿ ಈ ದಡದಿಂದ ಆ ದಡದವರೆಗೆ ಅವರು ಕಣ್ಣು ಮುಚ್ಚಿಯೇ ಕೂರುತ್ತಿದ್ದರು. 2025ರ ಜುಲೈನಲ್ಲಿ ಆ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದಾಗ ಅತ್ತರಂತೆ. ಖುಷಿಗೆ ಎಂದು ಮನೆಯವರು ತಿಳಿದರು. "ಈ ಸೇತುವೆಯ ಅಡಿಗೇ ಎಲ್ಲೋ ನಮ್ಮ ಅಂಗಳ ಅಂತ ಅನ್ನಿಸ್ತು" ಎಂದರು ನನ್ನೆದುರು.

ಮುಂದಿನ ಭೇಟಿಗೆ ಇಬ್ಬರನ್ನೂ ಕರೆದೆ. ಮೇಷ್ಟರಿಗೆ ಒಂದೇ ಕೆಲಸ: ಅಮ್ಮ ಹೇಳಿ ಮುಗಿಸುವವರೆಗೆ ಮಾತಾಡದೆ ಕೇಳುವುದು. ಬಹಳ ಹೊತ್ತು ಹಿಡಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮನೆಯ ಪಾಗಾರದ ಕಲ್ಲು ಕಾಣುತ್ತದೆ ಎಂದು ಅಣ್ಣ ಕರೆದರೂ ಹೋಗದೇ ಇದ್ದದ್ದು, ಗಂಡ ಕಡಲಿನಿಂದ ಮನೆಗೆ ಬಂದಾಗಲೆಲ್ಲ ಅವರ ಒದ್ದೆ ಬಟ್ಟೆಯನ್ನು ಬೇರೆಯಾಗಿ ಹಿಂಡಿ ಒಣಗಿಸುತ್ತಿದ್ದದ್ದು, ಎಲ್ಲ ಬಂತು. ಸಮುದ್ರದ ಕಥೆಗಳನ್ನು ಬಾಯ್ತುಂಬ ಹೇಳಿಕೊಂಡು ಬಂದ ಮನುಷ್ಯ ಹೆಂಡತಿಯ ನೀರಿನ ಕಥೆ ಕೇಳಿದ್ದು ಅದೇ ಮೊದಲು. "ನೀನು ಹೇಳ್ಲೇ ಇಲ್ವಲ್ಲೇ" ಎಂದರು. "ನಿಮ್ಮ ಮುಖ ನೋಡಿದ್ರೆ ಹ್ಯಾಗೆ ಹೇಳೋದು?" ಎಂದರು ಅಮ್ಮ. ಅಲ್ಲಿ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಇನ್ನು ಕೊಟ್ಟ ಸಲಹೆ. ಫಿಟ್ಸಿನ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಲಿಲ್ಲ. ಫಿಟ್ಸ್ ಇರುವವರಿಗೆ ನೀರಿನಲ್ಲಿ ಮುಳುಗುವ ಅಪಾಯ ಉಳಿದವರಿಗಿಂತ ಎಷ್ಟೋ ಹೆಚ್ಚು. ಮೇಷ್ಟರಿಗೇ ಕೇಳಿದೆ: "ನಿಮ್ಮ ಶಿಷ್ಯನೊಬ್ಬನಿಗೆ ಈ ಕಾಯಿಲೆ ಇದ್ದಿದ್ದರೆ ಹೇಗೆ ಬಿಡ್ತಿದ್ರಿ?" ಅವರ ಮುಖ ತಟ್ಟನೆ ಪಾಠ ಹೇಳುವವರ ಮುಖವಾಯಿತು. ಒಂಟಿಯಾಗಿ ಖಂಡಿತ ಇಲ್ಲ. ಲೈಫ್ ಜಾಕೆಟ್ ಎಂದು ಜನ ಕರೆಯುವ 50 ನ್ಯೂಟನ್ನಿನದು (ನ್ಯೂಟನ್ ಎಂದರೆ ತೇಲಿಸುವ ಬಲದ ಅಳತೆ) ಸಾಲದು. ಅದು ಈಜಬಲ್ಲವರಿಗೆ, ಪ್ರಜ್ಞೆ ತಪ್ಪಿದರೆ ಮುಖವನ್ನು ಮೇಲಕ್ಕೆ ತಿರುಗಿಸದು. ಹಾಗೆ ತಿರುಗಿಸಲೆಂದೇ ಮಾಡಿದ 150 ನ್ಯೂಟನ್ನಿನದು ಬೇಕು. ಜೊತೆಗಿರುವವನಿಗೆ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು. ಷರತ್ತುಗಳನ್ನು ಅವರೇ ಬರೆದರು, ನರರೋಗ ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದೇ ಮುಂದಿನ ಮಾತು ಎಂದು ನಾನು ಸೇರಿಸಿದೆ. ಅಟ್ಟದ ಮೇಲಿನ ರಾತ್ರಿಗಳನ್ನು ನಿಲ್ಲಿಸಲು ಒಪ್ಪಿಸಿದ್ದೂ ಇದೇ ಕಾರಣ ಹೇಳಿ, ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು.

ಮನೆಯವರಿಗೂ ಕಲಿಸಿದೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ, ಒಂದು ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲೇ ಇರಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ನೀರಿನಲ್ಲಿ ಬಂದರೆ ಮುಖ ಮೇಲಿರುವಂತೆ ಹಿಡಿದುಕೊಳ್ಳಬೇಕು. ಆಮೇಲೆ ಸರಿಯಾಗಿದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ವೈದ್ಯರ ಒಪ್ಪಿಗೆಯೊಂದಿಗೆ, ಹಳೆಯ ಶಿಷ್ಯನೊಬ್ಬನ ದೋಣಿಯಲ್ಲಿ ಹೋಗಿಬಂದರು. ಚುಕ್ಕಾಣಿ ಶಿಷ್ಯನ ಕೈಯಲ್ಲಿತ್ತು. ಅದು ಕಷ್ಟವಾಯಿತೆಂದು ನನ್ನ ಬಳಿ ಒಪ್ಪಿಕೊಂಡರು, ಆದರೆ ಮತ್ತೆ ಹೋಗುತ್ತೇನೆ ಎಂದರು. ಅಮ್ಮ ಹೋಗಲಿಲ್ಲ. ಹೋಗಬೇಕೆಂದು ನಾನು ಹೇಳಲೂ ಇಲ್ಲ. ಗಂಡನ ಸಂಕಟ ಕಳೆಯಲೆಂದು ಆಕೆ ತನ್ನ ಭಯವನ್ನು ನುಂಗಿಕೊಳ್ಳುವುದು ನನಗೆ ಬೇಕಿರಲಿಲ್ಲ. ಆದರೆ ಮೇಷ್ಟರೇ ಕೇಳಿ, ಏಪ್ರಿಲ್ಲಿನಲ್ಲಿ ನೀರು ತಳ ಸೇರಿದಾಗ ಆಕೆಯನ್ನು ಆ ಪಾಗಾರ ಕಾಣುವ ಜಾಗಕ್ಕೆ ಕರೆದುಕೊಂಡು ಹೋಗುವುದಾಗಿ ಮಾತಾಗಿದೆ.

ಜೂನ್ ಬಂತೆಂದರೆ ಮೇಷ್ಟರಿಗೆ ಮತ್ತೆ ಕಷ್ಟದ ದಿನಗಳು. ನೈಋತ್ಯದ ಗಾಳಿ ಅಡಿಕೆ ಮರಗಳನ್ನು ಬಗ್ಗಿಸುವಾಗ ಅವರು ಸುಮ್ಮನಾಗುತ್ತಾರೆ. ಆಗ ಎಬ್ಬಿಸಿ ಕೆಲಸ ಹಚ್ಚಬೇಡಿ, ಎರಡು ವಾರಕ್ಕೂ ಮೀರಿ ಊಟ ನಿದ್ದೆ ಬಿಟ್ಟರೆ ಮಾತ್ರ ನನಗೆ ತಿಳಿಸಿ ಎಂದಿದ್ದೇನೆ. ಅಟ್ಟದ ಹಾಯಿ, ಹಗ್ಗಗಳನ್ನು ಮಾರಿಬಿಡೋಣವೇ ಎಂದು ಮಗ ಈಗಲೂ ಕೇಳುತ್ತಾನೆ. ಅದು ಅಪ್ಪನ ತೀರ್ಮಾನ, ಅವರೇ ಎತ್ತುವವರೆಗೆ ಆ ಮಾತು ಬೇಡ ಎಂಬುದು ಅವನಿಗೆ ನಾನು ಕೊಟ್ಟಿರುವ ಉತ್ತರ.