ಆಫರ್ 46 ಸಾವಿರ ಪೌಂಡ್, ಆದರೂ ವೀಸಾಗೆ ಸಾಲದೇ?

ಪ್ರಶ್ನೆ: ನಾನು ಮೈಸೂರಿನವನು, ಸಾಫ್ಟ್‌ವೇರ್ ಡೆವಲಪರ್, ವಯಸ್ಸು 31. ಮ್ಯಾಂಚೆಸ್ಟರ್‌ನ ಒಂದು ಕಂಪನಿ ವರ್ಷಕ್ಕೆ 46,000 ಪೌಂಡ್ ಬೇಸಿಕ್, 6,000 ಬೋನಸ್, 4,000 ಮನೆ ಬಾಡಿಗೆ ಅಂತ ಆಫರ್ ಕೊಟ್ಟಿದೆ. ವಾರಕ್ಕೆ 40 ಗಂಟೆ ಕೆಲಸ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಗೆ 41,700 ಇದ್ದರೆ ಸಾಕು ಅಂತಾರೆ ಏಜೆಂಟ್. ಹೌದಾ?

ಉತ್ತರ: ಏಜೆಂಟ್ ಹೇಳಿದ್ದು ಅರ್ಧ ಮಾತ್ರ. 2025ರ ಜುಲೈ 22ರಿಂದ 41,700 ಅನ್ನೋದು ಸಾಮಾನ್ಯವಾಗಿ ಇರಬೇಕಾದ ಕನಿಷ್ಠ ಸಂಬಳದ ಮಿತಿ, ನಿಜ. ಆದರೆ ಪ್ರತಿ ಕೆಲಸಕ್ಕೂ ಒಂದು ಕೋಡ್, ಆ ಕೋಡಿಗೆ ಒಂದು 'ಗೋಯಿಂಗ್ ರೇಟ್', ಅಂದರೆ ಆ ಕೆಲಸಕ್ಕೆ ಅಲ್ಲಿನ ಸರ್ಕಾರ ಗೊತ್ತುಮಾಡಿದ ಸಂಬಳ, ಇದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟಾದರೂ ಸಂಬಳ ಇರಬೇಕು. ನಿಮ್ಮ ಕೋಡ್ 2134, ರೇಟ್ 54,700.

ನಾವು ಬೆಂಗಳೂರಿನ ಸಿಟಿಸಿ ಲೆಕ್ಕಕ್ಕೆ ಒಗ್ಗಿಹೋದವರು, ಅಲ್ವಾ? ಬೋನಸ್ಸು, ಬಾಡಿಗೆ ಎಲ್ಲ ಕೂಡಿಸಿ 56,000 ಆಯ್ತು, ದಾಟಿದೆ ಅಂತ ನೀವೂ ಅಂದುಕೊಂಡಿರಬಹುದು. ಅಲ್ಲಿ ಅದು ನಡೆಯಲ್ಲ. ಖಚಿತವಾಗಿ ಸಿಗುವ ಬೇಸಿಕ್ ಸಂಬಳ ಮಾತ್ರ ಲೆಕ್ಕಕ್ಕೆ. ಇನ್ನೊಂದು ತೊಡಕು ಬಾಕಿ ಇದೆ: ಆ 54,700 ವಾರಕ್ಕೆ 37.5 ಗಂಟೆಯ ಲೆಕ್ಕ, ನಿಮ್ಮದು 40 ಗಂಟೆ, ಹಾಗಾಗಿ ನಿಮಗೆ ಬೇಕಾಗೋದು ಸುಮಾರು 58,350.

ಹಾಗಂತ ಆಫರ್ ಬಿಡಬೇಡಿ. ಬೋನಸ್ಸು, ಬಾಡಿಗೆ ಎರಡನ್ನೂ ಬೇಸಿಕ್ಕಿಗೇ ಸೇರಿಸಿ, ವಾರಕ್ಕೆ 37.5 ಗಂಟೆ ಮಾಡಿ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಕಂಪನಿಗೆ ಖರ್ಚು ಅದೇ 56,000, ನಿಮ್ಮ ಅರ್ಜಿ ಮಾತ್ರ ಮಿತಿ ದಾಟುತ್ತದೆ. ಸುಮ್ನೆ ಕಾಗದದ ಮೇಲೆ ಬದಲಾಯಿಸಿ ಮೊದಲಿನಂತೆ 40 ಗಂಟೆ ದುಡಿಸಿಕೊಂಡರೆ ಮಾತ್ರ ಮುಂದೆ ತೊಂದರೆ ನಿಮಗೇ.

ಪ್ರಶ್ನೆ: ನನ್ನ ಮಗಳು ಲೀಡ್ಸ್‌ನಲ್ಲಿ ಓದಿ ಈಗ ಗ್ರಾಜುಯೇಟ್ ವೀಸಾದಲ್ಲಿದ್ದಾಳೆ. ಅವಳಿಗೂ 54,700 ಬೇಕಾ?

ಉತ್ತರ: ಬೇಡ. ಅವಳು 'ನ್ಯೂ ಎಂಟ್ರಂಟ್', ಅಂದರೆ ವೃತ್ತಿಗೆ ಹೊಸಬಳು, ಆಗುತ್ತಾಳೆ, ಅಂಥವರಿಗೆ ಮಿತಿ ಕಡಿಮೆ. 33,400 ಅಥವಾ ಗೋಯಿಂಗ್ ರೇಟಿನ ಶೇ. 70, ಎರಡರಲ್ಲಿ ಜಾಸ್ತಿ ಇರುವುದು. ಇದೇ ಡೆವಲಪರ್ ಕೆಲಸಕ್ಕಾದರೆ ಸುಮಾರು 38,300. ಆದರೆ ಈ ರಿಯಾಯಿತಿ ಒಟ್ಟು 4 ವರ್ಷ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ದಿನಗಳೂ ಅದರಲ್ಲೇ ಸೇರುತ್ತವೆ. ಎರಡು ವರ್ಷ ಅಲ್ಲೇ ಮುಗಿಸಿದ್ದರೆ ಉಳಿಯೋದು ಎರಡೇ. ಆಮೇಲೆ ಪೂರ್ತಿ ಸಂಬಳ ಕೊಡ್ತೀರಾ ಅಂತ ಕಂಪನಿಯನ್ನು ಈಗಲೇ ಕೇಳಲು ಹೇಳಿ.

ಪ್ರಶ್ನೆ: ಸ್ಪಾನ್ಸರ್‌ಶಿಪ್ ಖರ್ಚನ್ನು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಅಂತಾರೆ. ಒಪ್ಪಲಾ?

ಉತ್ತರ: ಖಂಡಿತ ಬೇಡ. ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್, ಅಂದರೆ ಹೊರದೇಶದವರನ್ನು ಸ್ಪಾನ್ಸರ್ ಮಾಡಲು ಸರ್ಕಾರಕ್ಕೆ ಕೊಡುವ ಶುಲ್ಕ, ಕಂಪನಿಯೇ ಕಟ್ಟಬೇಕು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ನಿಮ್ಮ ವೀಸಾ ಶುಲ್ಕ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವರ್ಷಕ್ಕೆ 1,035 ಪೌಂಡಿನ ಹೆಲ್ತ್ ಸರ್‌ಚಾರ್ಜ್ ನೀವು ಕಟ್ಟಬೇಕಾಗಬಹುದು, ಅದು ಬೇರೆ.